ಸೆಪ್ಸಿಸ್ ಬಂದಾಗ ಲಿವರ್ ಒಳಗೆ ಇಮ್ಯೂನ್ ಸೆಲ್‌ಗಳು ಏನ್ ಮಾಡ್ತವೆ

ಲ್ಯಾಬ್‌ಗಳಲ್ಲಿ ಸಾಕೋ ಇಲಿಗಳಲ್ಲಿ ಸಿ3ಎಚ್/ಎಚ್‌ಇಜೆ ಅಂತ ಒಂದು ತಳಿ ಇದೆ, ಸೆಪ್ಸಿಸ್ ಬಗ್ಗೆ ಯಾರಾದ್ರೂ ಕೇಳಿದ್ರೆ ನಾನು ಯಾವಾಗ್ಲೂ ಇದರಿಂದಾನೇ ಶುರು ಮಾಡೋದು. ಈ-ಕೋಲೈ ತರದ ಬ್ಯಾಕ್ಟೀರಿಯಾಗಳ ಹೊರಗಿನ ಪದರದಲ್ಲಿ ಎಲ್‌ಪಿಎಸ್ ಅಂತ ಒಂದು ಅಣು ಇರತ್ತೆ, ಕೊಬ್ಬು ಮತ್ತೆ ಸಕ್ಕರೆ ಸೇರಿ ಆಗಿರೋದು, ಎಂಡೋಟಾಕ್ಸಿನ್ ಅಂತಾನೂ ಕರೀತಾರೆ. ಹೆಸರಲ್ಲೇ ವಿಷ ಇದೆ ನೋಡಿ. ಮಾಮೂಲಿ ಇಲಿಗೆ ಇದನ್ನ ಸಾಕಷ್ಟು ಚುಚ್ಚಿದ್ರೆ ಸತ್ತೋಗತ್ತೆ, ಆದ್ರೆ ಈ ತಳಿಗೆ ಅದೇ ಡೋಸ್ ಕೊಟ್ರೂ ಏನೂ ಆಗಲ್ಲ, ಆರಾಮಾಗಿ ಓಡಾಡ್ಕೊಂಡಿರತ್ತೆ. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಏನ್ ಮಾಡಿದ್ರು ಅಂದ್ರೆ, ಗ್ಯಾಲಕ್ಟೋಸಮೀನ್ ಅಂತ ಲಿವರ್ ಸೆಲ್‌ಗಳನ್ನ ತುಂಬಾ ನಾಜೂಕು ಮಾಡಿಬಿಡೋ ಒಂದು ಕೆಮಿಕಲ್ ಜೊತೆಗೆ ಎಲ್‌ಪಿಎಸ್ ಕೊಟ್ರು, ಆಗ್ಲೂ ಈ ಇಲಿಗಳು ತಡ್ಕೊಂಡ್ವು. ಆಮೇಲೆ ಎಲ್‌ಪಿಎಸ್‌ಗೆ ಸ್ಪಂದಿಸೋ ಹತ್ತಿರದ ಇನ್ನೊಂದು ತಳಿಯ ಮ್ಯಾಕ್ರೋಫೇಜ್‌ಗಳನ್ನ, ಅಂದ್ರೆ ಕಸ ಕ್ರಿಮಿ ಎಲ್ಲಾ ನುಂಗೋ ಇಮ್ಯೂನ್ ಸೆಲ್‌ಗಳನ್ನ, ತಂದು ಇವಕ್ಕೆ ಸೇರಿಸಿದ್ರು. ಅಷ್ಟೇ. ಈಗ ಅದೇ ಎಲ್‌ಪಿಎಸ್ ಕೊಟ್ರೆ ಈ ಇಲಿಗಳೂ ಸತ್ವು.

ಇದರ ಅರ್ಥ ನಿಧಾನಕ್ಕೆ ಯೋಚ್ನೆ ಮಾಡಿದ್ರೆ ಮೈ ಜುಮ್ ಅನ್ನತ್ತೆ. ವಿಷ ಅಂತ ಕರೀತಿದ್ದ ಅಣು ತಾನಾಗೇ ಲಿವರ್‌ನ ಕೊಲ್ತಿರ್ಲಿಲ್ಲ, ಅದನ್ನ ಗುರುತು ಹಿಡಿದು ರೊಚ್ಚಿಗೆದ್ದ ಮ್ಯಾಕ್ರೋಫೇಜ್‌ಗಳು ಸುರಿದ ಕೆಮಿಕಲ್‌ಗಳು ಕೊಲ್ತಿದ್ವು. ಈ ತಳಿಯಲ್ಲಿ ಕೆಟ್ಟಿರೋ ಜೀನ್ ಯಾವುದು ಅಂತ 1998ರಲ್ಲಿ ಗೊತ್ತಾಯ್ತು, ಟಿಎಲ್‌ಆರ್4 ಅನ್ನೋ ರಿಸೆಪ್ಟರ್‌ದು, ಎಲ್‌ಪಿಎಸ್ ಬಂದಿದೆ ಅಂತ ಸೆಲ್‌ಗೆ ತಿಳಿಸೋ ಕಾಲಿಂಗ್ ಬೆಲ್ ಇದೇ. ಆ ಕೆಲಸಕ್ಕೆ ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ತು. ಈ ಇಲಿ ಕಥೆಗೆ ಇನ್ನರ್ಧ ಇದೆ, ಅದನ್ನ ಆಮೇಲೆ ಹೇಳ್ತೀನಿ, ಯಾಕಂದ್ರೆ ಆ ಅರ್ಧ ಇಲ್ದೆ ಇದನ್ನ ಕೇಳಿದ್ರೆ ತಪ್ಪು ತಿಳ್ಕೋತೀವಿ.

ನನಗೆ ಈ ವಿಷಯದ ಹುಚ್ಚು ಹಿಡಿದಿದ್ದು ನಮ್ಮ ಮನೆಯವರೊಬ್ರು ನ್ಯುಮೋನಿಯಾ ಆಗಿ ಐಸಿಯುನಲ್ಲಿ ಮಲಗಿದಾಗ. ಮೂರನೇ ದಿನ ಕಣ್ಣು ಹಳದಿ ಆಯ್ತು. ಇನ್ಫೆಕ್ಷನ್ ಇದ್ದಿದ್ದು ಶ್ವಾಸಕೋಶದಲ್ಲಿ, ಲಿವರ್ ಮೊದಲಿಂದ ಚೆನ್ನಾಗೇ ಇತ್ತು, ಹಂಗಾದ್ರೆ ಕಾಮಾಲೆ ಎಲ್ಲಿಂದ ಬಂತು, ಕ್ರಿಮಿ ಲಿವರ್‌ಗೂ ಹೋಯ್ತಾ ಅಂತ ನಾವೆಲ್ಲ ಕಂಗಾಲು. "ಸೆಪ್ಸಿಸ್‌ನಲ್ಲಿ ಹಿಂಗಾಗತ್ತೆ" ಅಂತ ಡಾಕ್ಟ್ರು ಹೇಳಿದ್ರು, ಅದು ನಿಜಾನೇ, ಆದ್ರೆ ಹೆಂಗಾಗತ್ತೆ ಅಂತ ತಿಳ್ಕೊಳ್ಳೋಕೆ ನನಗೆ ತುಂಬಾ ದಿನ ಹಿಡೀತು.

ಸೆಪ್ಸಿಸ್ ಅಂದ್ರೆ ರಕ್ತದಲ್ಲಿ ನಂಜು ಅಂತ ತುಂಬಾ ಜನ ಅಂದ್ಕೊಂಡಿದಾರೆ. 2016ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ ಪ್ರಕಾರ ಇನ್ಫೆಕ್ಷನ್‌ಗೆ ದೇಹ ಕೊಡೋ ಉತ್ತರ ಹದ ತಪ್ಪಿ, ಅದರಿಂದಾನೇ ಅಂಗಾಂಗಗಳು ಜೀವಕ್ಕೆ ಅಪಾಯ ಆಗೋಷ್ಟು ಕೆಡೋದು ಸೆಪ್ಸಿಸ್. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಗ್ಲೇಬೇಕು ಅಂತೇನಿಲ್ಲ. 2017ರ ಒಂದು ವರ್ಷದಲ್ಲೇ ಪ್ರಪಂಚದಲ್ಲಿ ಸುಮಾರು 4.9 ಕೋಟಿ ಜನಕ್ಕೆ ಸೆಪ್ಸಿಸ್ ಬಂದು, 1.1 ಕೋಟಿ ಜನ ಅದರ ಸಂಬಂಧ ತೀರಿಕೊಂಡ್ರು ಅಂತ ಜಾಗತಿಕ ಅಂದಾಜು ಇದೆ, ಅಂದ್ರೆ ಆ ವರ್ಷದ ಐದು ಸಾವಲ್ಲಿ ಹತ್ತತ್ರ ಒಂದು.

ಈಗ ಲಿವರ್‌ಗೆ ಬರೋಣ. ಲಿವರ್ ಅಂದ್ರೆ ಪಿತ್ತ ಮಾಡೋ, ಔಷಧಿ ಕರಗಿಸೋ, ಸಕ್ಕರೆ ಕೂಡಿಡೋ ಕಾರ್ಖಾನೆ ಅಂತ ನಮಗೆಲ್ಲ ಗೊತ್ತು. ಅದು ರಕ್ತದ ಜರಡೀನೂ ಹೌದು ಅನ್ನೋದು ಅಷ್ಟಾಗಿ ಗೊತ್ತಿರಲ್ಲ. ಹಾರ್ಟ್ ಪಂಪ್ ಮಾಡೋ ರಕ್ತದಲ್ಲಿ ಸುಮಾರು ಕಾಲು ಭಾಗ ಲಿವರ್ ಮೂಲಕ ಹೋಗತ್ತೆ, ಅದ್ರಲ್ಲೂ ಮುಕ್ಕಾಲು ಪಾಲು ಬರೋದು ಪೋರ್ಟಲ್ ವೇನ್‌ನಿಂದ, ಅಂದ್ರೆ ಕರುಳನ್ನ ಸುತ್ತಾಡಿ ಬಂದ ರಕ್ತ, ಕರುಳಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದೆ ಅಂತ ನಿಮಗೇ ಗೊತ್ತು, ಅವುಗಳ ಚೂರುಪಾರು ಆರೋಗ್ಯವಾಗಿರೋರಲ್ಲೂ ಸ್ವಲ್ಪ ಸ್ವಲ್ಪ ಈ ದಾರೀಲಿ ಬರ್ತಾನೇ ಇರತ್ತೆ. ಸೆಪ್ಸಿಸ್‌ನಲ್ಲಿ ಕರುಳಿನ ಒಳಪದರ ಸಡಿಲ ಆಗತ್ತೆ, ಹಂಗಾಗಿ ಮೂಲ ಇನ್ಫೆಕ್ಷನ್ ಶ್ವಾಸಕೋಶದಲ್ಲೋ ಮೂತ್ರಕೋಶದಲ್ಲೋ ಇದ್ರೂ, ಲಿವರ್‌ಗೆ ಹಿಂದಿನ ಬಾಗಿಲಿಂದ ಇನ್ನೊಂದು ಲೋಡ್ ಬರತ್ತೆ.

ಲಿವರ್ ಒಳಗೆ ಈ ರಕ್ತ ಹರಿಯೋ ಗಲ್ಲಿಗಳಿಗೆ ಸೈನುಸಾಯ್ಡ್ ಅಂತಾರೆ. ಬೇರೆ ಕಡೆಯ ಕ್ಯಾಪಿಲರಿಗಳ ತರ ಅಲ್ಲ ಇವು. ಗೋಡೆಯಲ್ಲಿರೋ ಎಂಡೋಥೀಲಿಯಲ್ ಸೆಲ್‌ಗಳಲ್ಲಿ ಜರಡಿ ತರ ಸಣ್ಣ ಸಣ್ಣ ತೂತುಗಳಿರತ್ತೆ, ಒಂದೊಂದೂ ಸುಮಾರು 100ರಿಂದ 150 ನ್ಯಾನೋಮೀಟರ್, ಕೆಳಗೆ ಗಟ್ಟಿ ತಳಪದರಾನೂ ಇಲ್ಲ. ಗೋಡೆ ಆಚೆ ಡಿಸ್ಸೆ ಅಂತ ಒಂದು ಕಿರಿದಾದ ಸಂದಿ, ಸಂದಿ ಆಚೆ ಹೆಪಟೋಸೈಟ್‌ಗಳು, ಅಂದ್ರೆ ಲಿವರ್‌ನ ಅಸಲಿ ಕೆಲಸಗಾರ ಸೆಲ್‌ಗಳು. ರಕ್ತದ ದ್ರವ ನೇರವಾಗಿ ಹೆಪಟೋಸೈಟ್‌ನ ಮುಟ್ಟತ್ತೆ, ಅದಕ್ಕೇ ಲಿವರ್ ಅಷ್ಟು ಬೇಗ ಅಷ್ಟೆಲ್ಲ ಕೆಲಸ ಮಾಡೋಕಾಗೋದು. ಅದೇ ಕಾರಣಕ್ಕೆ ಗಲ್ಲಿಯಲ್ಲಿ ಗಲಾಟೆ ಆದ್ರೆ ಕಲ್ಲು ನೇರವಾಗಿ ಬಂದು ಬೀಳೋದೂ ಹೆಪಟೋಸೈಟ್ ಮನೆ ಕಿಟಕಿ ಮೇಲೇನೇ. ಈ ರಚನೆ ತಲೇಲಿ ಕೂತ್ರೆ ಮುಂದಿನದು ಅರ್ಧ ಅರ್ಥ ಆದ ಹಾಗೇನೇ.

ಈ ಗಲ್ಲಿಗಳ ಒಳಗೇ, ಹರಿಯೋ ರಕ್ತದಲ್ಲಿ ಕೈಕಾಲು ಚಾಚ್ಕೊಂಡು ಕೂತಿರೋರು ಕುಪ್ಫರ್ ಸೆಲ್‌ಗಳು. ದೇಹದ ಅಂಗಗಳಲ್ಲಿ ನೆಲೆಸಿರೋ ಮ್ಯಾಕ್ರೋಫೇಜ್‌ಗಳಲ್ಲಿ ಶೇಕಡಾ 80ರಿಂದ 90 ಇಲ್ಲೇ ಇರತ್ತೆ ಅಂತ ಪಠ್ಯಗಳು ಹೇಳ್ತವೆ. ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ 1876ರಲ್ಲಿ ನಕ್ಷತ್ರದ ಆಕಾರದ ಸೆಲ್ ಅಂತ ವಿವರಿಸಿದ್ದು ಅಸಲಿಗೆ ಪಕ್ಕದಲ್ಲಿರೋ ಸ್ಟೆಲೇಟ್ ಸೆಲ್‌ಗಳನ್ನ, ಅದು ಗೊತ್ತಾಗಿದ್ದು ಎಷ್ಟೋ ದಶಕ ಆದ್ಮೇಲೆ, ಅಷ್ಟೊತ್ತಿಗೆ ಹೆಸರು ಮ್ಯಾಕ್ರೋಫೇಜ್‌ಗೆ ಅಂಟಿಕೊಂಡಿತ್ತು. ಇವುಗಳ ಮೈಮೇಲೆ ಸಿಆರ್‌ಐಜಿ ಅನ್ನೋ ರಿಸೆಪ್ಟರ್ ಇದೆ. ರಕ್ತದಲ್ಲಿರೋ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಬ್ಯಾಕ್ಟೀರಿಯಾಗೆ ಅಂಟಿಕೊಂಡು ಗುರುತು ಹಾಕಿರತ್ತೆ, ಆ ಗುರುತನ್ನ ಈ ರಿಸೆಪ್ಟರ್ ಹಿಡಿಯತ್ತೆ. ಇಲಿಯ ರಕ್ತಕ್ಕೆ ಬ್ಯಾಕ್ಟೀರಿಯಾ ಬಿಟ್ಟು ಮೈಕ್ರೋಸ್ಕೋಪ್ ಕೆಳಗೆ ಜೀವಂತ ಲಿವರ್ ನೋಡಿದ್ರೆ, ಕೆಲವೇ ನಿಮಿಷದಲ್ಲಿ ಹೆಚ್ಚಿನವು ಕುಪ್ಫರ್ ಸೆಲ್ ಮೇಲೆ ಗಕ್ ಅಂತ ನಿಂತುಬಿಡತ್ತೆ. ಕುಪ್ಫರ್ ಸೆಲ್‌ಗಳನ್ನ ಮೊದಲೇ ತೆಗೆದುಹಾಕಿದ ಇಲಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಬೇರೆ ಅಂಗಗಳಿಗೆ ಹಬ್ಬತ್ತೆ.

ದಿನನಿತ್ಯ ಕುಪ್ಫರ್ ಸೆಲ್ ತುಂಬಾ ಸಮಾಧಾನಿ. ಕರುಳಿಂದ ಬರೋ ಪ್ರತಿ ಚೂರಿಗೂ ಕೂಗಾಡಿದ್ರೆ ನಾವು ಊಟ ಮಾಡಿದಾಗೆಲ್ಲ ಜ್ವರ ಬರ್ಬೇಕಿತ್ತು. ಸದ್ದಿಲ್ದೆ ನುಂಗತ್ತೆ, ಜೊತೆಗೆ ಐಎಲ್-10 ತರದ ಶಾಂತಿ ಸಿಗ್ನಲ್‌ಗಳನ್ನೂ ಬಿಡತ್ತೆ. ಆದ್ರೆ ಒಮ್ಮೆಲೇ ತುಂಬಾ ಎಲ್‌ಪಿಎಸ್ ಬಂದು ಟಿಎಲ್‌ಆರ್4 ಬೆಲ್ ಬಿಡದೆ ಹೊಡ್ಕೊಳ್ಳೋಕೆ ಶುರುವಾದ್ರೆ ಒಳಗೆ ಎನ್‌ಎಫ್-ಕಪ್ಪಾ-ಬಿ ಅನ್ನೋ ಮುಖ್ಯ ಸ್ವಿಚ್ ಆನ್ ಆಗಿ, ಟಿಎನ್ಎಫ್-ಆಲ್ಫಾ, ಐಎಲ್-1 ಬೀಟಾ, ಐಎಲ್-6 ತರದ ಉರಿ ಎಬ್ಬಿಸೋ ಸಿಗ್ನಲ್‌ಗಳು, ಜೊತೆಗೆ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳನ್ನ ಕರೆಯೋ ಕೀಮೋಕೈನ್‌ಗಳು, ಎಲ್ಲಾ ಒಂದೇ ಸಲ ಹೊರಗೆ ಬರತ್ತೆ. ಗಲ್ಲಿ ಕಾಯ್ತಿದ್ದ ವಾಚ್‌ಮನ್ ಕಳ್ಳನ್ನ ಹಿಡಿದು ಸುಮ್ನಾಗೋದು ಬಿಟ್ಟು ಊರಿಗೆಲ್ಲ ಕೇಳೋ ಹಾಗೆ ಸೈರನ್ ಒತ್ತಿ ಹಿಡಿದ ಹಾಗೆ, ಮತ್ತೆ ಆ ಸೈರನ್ ಆಫ್ ಆಗಲ್ಲ.

ಸೈರನ್ ಕೇಳಿ ಮೊದಲು ಓಡಿ ಬರೋದು ನ್ಯೂಟ್ರೋಫಿಲ್. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಲಿವರ್‌ಗೆ ಅತಿ ಹೆಚ್ಚು ಗಾಯ ಮಾಡೋದು ಇವೇ, ಆದ್ರೂ ಇವನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರಿಸತ್ತೆ, ಬಹಳ ಕಡಿಮೆ ಬದುಕೋ ಸೆಲ್‌ಗಳು, ಹೊಟ್ಟೆ ತುಂಬಾ ಆಯುಧ ತುಂಬ್ಕೊಂಡು ಹುಟ್ಟೋದೇ ಸಾಯೋಕೆ. ದೇಹದ ಬೇರೆ ಕಡೆ ಇವು ರಕ್ತನಾಳದ ಗೋಡೆ ಮೇಲೆ ಸೆಲೆಕ್ಟಿನ್ ಅನ್ನೋ ಅಂಟು ಅಣುಗಳನ್ನ ಹಿಡ್ಕೊಂಡು ಉರುಳಿ ಉರುಳಿ ನಿಲ್ಲತ್ತೆ. ಲಿವರ್ ಗಲ್ಲಿ ಹಂಗಲ್ಲ, ಅಲ್ಲಿ ರಕ್ತಾನೇ ನಿಧಾನ, ಗಲ್ಲಿ ಅಗಲ ಸುಮಾರು 7ರಿಂದ 15 ಮೈಕ್ರಾನ್, ನ್ಯೂಟ್ರೋಫಿಲ್ಲೇ 12ರಿಂದ 15 ಮೈಕ್ರಾನ್ ಇರತ್ತೆ, ಮೈ ಒತ್ಕೊಂಡೇ ನುಸುಳ್ಬೇಕು. ಸೆಪ್ಸಿಸ್‌ನಲ್ಲಿ ನ್ಯೂಟ್ರೋಫಿಲ್ ಬಿರುಸಾಗಿ ಬಿಡತ್ತೆ, ಗೋಡೆ ಊದ್ಕೊಳತ್ತೆ, ಸಿಕ್ಕಿಹಾಕ್ಕೊಳತ್ತೆ. ಬರೀ ಇಕ್ಕಟ್ಟಿಂದ ಮಾತ್ರ ಅಲ್ಲ, ನ್ಯೂಟ್ರೋಫಿಲ್ ಮೇಲಿರೋ ಸಿಡಿ44 ಅನ್ನೋ ಅಣು ಸೈನುಸಾಯ್ಡ್ ಗೋಡೆಯಲ್ಲಿರೋ ಹಯಲುರೋನಾನ್‌ನ ಹಿಡ್ಕೊಳತ್ತೆ ಅಂತ 2008ರಲ್ಲಿ ಇಲಿಗಳಲ್ಲಿ ತೋರಿಸಿದ್ರು. ಅಂದ್ರೆ ಲಿವರ್‌ಗೆ ನ್ಯೂಟ್ರೋಫಿಲ್ ಅಂಟೋ ಗೋಂದೇ ಬೇರೆ.

ಅಂಟಿಕೊಂಡ ಮೇಲೆ ಎರಡು ತರದ ಹಾನಿ. ಒಂದು, ಹೊಟ್ಟೆಯಲ್ಲಿರೋ ಎಲಾಸ್ಟೇಸ್ ತರದ ಎಂಜೈಮ್‌ಗಳನ್ನ, ಹೈಪೋಕ್ಲೋರಸ್ ಆಸಿಡ್ ತರದ ಆಕ್ಸಿಡೆಂಟ್‌ಗಳನ್ನ ಸುತ್ತಮುತ್ತ ಸುರಿಯತ್ತೆ. ಹೈಪೋಕ್ಲೋರಸ್ ಆಸಿಡ್ ಅಂದ್ರೆ ಬ್ಲೀಚ್‌ನಲ್ಲಿ ಕ್ರಿಮಿ ಕೊಲ್ಲೋ ಅಂಶಾನೇ, ಅದನ್ನ ನಮ್ಮ ಸೆಲ್ ಒಳಗೇ ತಯಾರಿಸತ್ತೆ, ಮೈಲೋಪೆರಾಕ್ಸಿಡೇಸ್ ಅನ್ನೋ ಎಂಜೈಮ್ ಬಳಸಿ. ಬ್ಲೀಚ್‌ಗೆ ಇದು ಬ್ಯಾಕ್ಟೀರಿಯಾ ಇದು ಹೆಪಟೋಸೈಟ್ ಅಂತ ವ್ಯತ್ಯಾಸ ಗೊತ್ತಿಲ್ಲ.

ಎರಡನೇದು ಇನ್ನೂ ವಿಚಿತ್ರ. 2004ರಲ್ಲಿ ಗೊತ್ತಾಗಿದ್ದು ಏನಂದ್ರೆ, ನ್ಯೂಟ್ರೋಫಿಲ್ ತನ್ನ ಡಿಎನ್ಎನ ಬಿಚ್ಚಿ ಹೊರಗೆಸೆದು ಮೀನು ಬಲೆ ತರ ಹರಡತ್ತೆ. ನೆಟ್ ಅಂತಾರೆ ಇದಕ್ಕೆ. ಆ ಬಲೆ ತುಂಬಾ ಹಿಸ್ಟೋನ್ ಅನ್ನೋ, ಡಿಎನ್ಎ ಸುತ್ತಿಕೊಂಡಿರೋ ಪ್ರೋಟೀನ್‌ಗಳು, ಎಲಾಸ್ಟೇಸ್, ಎಲ್ಲಾ ಮೆತ್ತಿಕೊಂಡಿರತ್ತೆ. 2007ರಲ್ಲಿ ಇನ್ನೊಂದು ತಂಡ ತೋರಿಸಿತು, ಸೆಪ್ಸಿಸ್‌ನಲ್ಲಿ ಪ್ಲೇಟ್ಲೆಟ್‌ಗಳ ಮೇಲಿರೋ ಟಿಎಲ್‌ಆರ್4 ಎಲ್‌ಪಿಎಸ್ ನೋಡಿದ್ರೆ, ಪ್ಲೇಟ್ಲೆಟ್ ಹೋಗಿ ಅಂಟಿಕೊಂಡಿರೋ ನ್ಯೂಟ್ರೋಫಿಲ್ ಮೇಲೆ ಕೂತು ಬಲೆ ಬಿಡೋಕೆ ಹೇಳತ್ತೆ, ಇದು ಜಾಸ್ತಿ ಆಗೋ ಜಾಗಗಳಲ್ಲಿ ಲಿವರ್ ಸೈನುಸಾಯ್ಡ್ ಒಂದು. ಕುಪ್ಫರ್ ಸೆಲ್‌ಗಳ ಕೈ ತುಂಬಿ ಹೋದಾಗ ತಪ್ಪಿಸ್ಕೊಂಡ ಬ್ಯಾಕ್ಟೀರಿಯಾನ ಈ ಬಲೆ ಹಿಡಿಯತ್ತೆ, ಅದು ನಿಜವಾದ ಉಪಕಾರ. ಆದ್ರೆ ಹಿಸ್ಟೋನ್‌ಗಳು ಗೋಡೆಯ ಎಂಡೋಥೀಲಿಯಲ್ ಸೆಲ್‌ಗೆ ನೇರ ವಿಷ, ಬಲೆ ಮೇಲೆ ರಕ್ತ ಹೆಪ್ಪುಗಟ್ಟತ್ತೆ, ಗಲ್ಲಿ ಬ್ಲಾಕ್ ಆಗತ್ತೆ. ಹಂಗಾದ್ರೆ ಡಿಎನ್ಎ ಕತ್ತರಿಸೋ ಡಿಎನ್‌ಏಸ್ ಕೊಟ್ಟು ಬಲೆ ಕರಗಿಸಿದ್ರಾಯ್ತಲ್ಲ ಅಂತ ಯಾರಿಗಾದ್ರೂ ಅನ್ಸತ್ತೆ, ನನಗೂ ಅನ್ಸಿತ್ತು. 2015ರಲ್ಲಿ ಇಲಿಗಳಲ್ಲಿ ನೋಡಿದಾಗ ಡಿಎನ್ಎ ದಾರ ಕರಗಿ ಹೋಯ್ತು, ಆದ್ರೆ ಹಿಸ್ಟೋನ್ ಮತ್ತೆ ಎಲಾಸ್ಟೇಸ್ ಗೋಡೆಗೆ ಅಂಟಿಕೊಂಡೇ ಉಳೀತು, ಹಾನಿ ಪೂರ್ತಿ ನಿಲ್ಲಲಿಲ್ಲ. ಬಲೆ ತೆಗೆದ್ರೂ ಮುಳ್ಳು ಚುಚ್ಚಿಕೊಂಡೇ ಇತ್ತು.

ಇಷ್ಟೊತ್ತಿಗೆ ಗಲ್ಲಿ ಸ್ಥಿತಿ ನೋಡಿ. ಗೋಡೆ ತೂತುಗಳು ಹರಿದು ದೊಡ್ಡ ಸಂದಿ ಆಗಿ ಕೆಂಪು ರಕ್ತಕಣಗಳೂ ಡಿಸ್ಸೆ ಸಂದಿಗೆ ನುಗ್ತಿರತ್ತೆ. ಸೈನುಸಾಯ್ಡ್ ಸುತ್ತ ತಬ್ಬಿಕೊಂಡಿರೋ ಸ್ಟೆಲೇಟ್ ಸೆಲ್‌ಗಳು ಎಂಡೋಥೆಲಿನ್ ಅನ್ನೋ ಸಿಗ್ನಲ್‌ಗೆ ಬಿಗಿಯಾಗಿ ಗಲ್ಲಿನ ಇನ್ನೂ ಹಿಸುಕತ್ತೆ. ಒಳಗೆ ನ್ಯೂಟ್ರೋಫಿಲ್, ಪ್ಲೇಟ್ಲೆಟ್, ಸಣ್ಣ ಸಣ್ಣ ಹೆಪ್ಪು. ಮೇಲಿಂದ ಬಿಪಿ ಬಿದ್ದಿದ್ರೆ ಬರೋ ರಕ್ತಾನೇ ಕಮ್ಮಿ. ಗಲ್ಲಿಯ ಕೊನೇ ಮನೆಗಳಿಗೆ, ಅಂದ್ರೆ ಸೆಂಟ್ರಲ್ ವೇನ್ ಹತ್ರ ಇರೋ ಹೆಪಟೋಸೈಟ್‌ಗಳಿಗೆ, ಒಳ್ಳೇ ದಿನದಲ್ಲೇ ಆಕ್ಸಿಜನ್ ಕಮ್ಮಿ ಸಿಗೋದು, ಮೊದಲು ಉಸಿರುಗಟ್ಟಿ ಸಾಯೋದೂ ಅವೇ. ಐಸಿಯುನಲ್ಲಿ ಎಎಸ್‌ಟಿ, ಎಎಲ್‌ಟಿ, ಅಂದ್ರೆ ಲಿವರ್ ಸೆಲ್ ಕೆಟ್ಟಾಗ ರಕ್ತಕ್ಕೆ ಸೋರೋ ಎಂಜೈಮ್‌ಗಳು, ಒಂದೆರಡು ದಿನದಲ್ಲಿ ನಾರ್ಮಲ್‌ನ 20 ಪಟ್ಟು ದಾಟಿ ಹಾರಿ ಮತ್ತೆ ಅಷ್ಟೇ ಬೇಗ ಇಳಿಯೋದನ್ನ ನೋಡಿರೋರು ಇದನ್ನೇ ನೋಡಿರ್ತಾರೆ, ಹೈಪಾಕ್ಸಿಕ್ ಹೆಪಟೈಟಿಸ್ ಅಂತಾರೆ.

ಈಗ ಹೆಪಟೋಸೈಟ್‌ನ ಒಳಗೆ ಏನಾಗತ್ತೆ ಅನ್ನೋದು. ಇಲ್ಲಿ ನನಗೆ ತುಂಬಾ ಇಷ್ಟ ಆಗೋ ಒಂದು ವಿಷಯ ಇದೆ. ಕುಪ್ಫರ್ ಸೆಲ್ ಬಿಡೋ ಟಿಎನ್ಎಫ್ ಹೆಪಟೋಸೈಟ್‌ಗೆ ಮುಟ್ಟಿದಾಗ ಎರಡು ಆದೇಶ ಒಟ್ಟಿಗೆ ಹೋಗತ್ತೆ, ಒಂದು ಸಾಯಿ ಅಂತ, ಇನ್ನೊಂದು ಎನ್‌ಎಫ್-ಕಪ್ಪಾ-ಬಿ ಮೂಲಕ ಬದುಕಿಸೋ ಪ್ರೋಟೀನ್‌ಗಳನ್ನ ತಯಾರಿಸು ಅಂತ. ಆರೋಗ್ಯವಾಗಿರೋ ಹೆಪಟೋಸೈಟ್ ಎರಡನೇದನ್ನ ಬೇಗ ಮಾಡಿ ಬಚಾವಾಗತ್ತೆ, ಬರೀ ಟಿಎನ್ಎಫ್‌ನಿಂದ ಅದು ಸಾಯಲ್ಲ. ಆ ಇಲಿಗಳಿಗೆ ಗ್ಯಾಲಕ್ಟೋಸಮೀನ್ ಯಾಕೆ ಕೊಟ್ಟಿದ್ದು ಅಂತ ಈಗ ಗೊತ್ತಾಗತ್ತೆ, ಅದು ಹೆಪಟೋಸೈಟ್‌ನಲ್ಲಿ ಜೀನ್ ಓದಿ ಆರ್‌ಎನ್‌ಎ ಬರೆಯೋ ಕೆಲಸಾನೇ ನಿಲ್ಲಿಸಿಬಿಡತ್ತೆ, ಬದುಕಿಸೋ ಪ್ರೋಟೀನ್ ತಯಾರಾಗಲ್ಲ, ಸಾಯಿ ಅನ್ನೋ ಆದೇಶ ಒಂದೇ ಉಳಿಯತ್ತೆ. ಮನುಷ್ಯರ ಸೆಪ್ಸಿಸ್‌ನಲ್ಲಿ ಗ್ಯಾಲಕ್ಟೋಸಮೀನ್ ಇಲ್ಲ, ಆದ್ರೆ ಆಕ್ಸಿಜನ್ ಕೊರತೆ, ಕೆಟ್ಟುಹೋದ ಮೈಟೋಕಾಂಡ್ರಿಯಾ, ಮೊದಲೇ ಇದ್ದ ಸಿರೋಸಿಸ್, ಇವೆಲ್ಲ ಅದೇ ತರ ಹೆಪಟೋಸೈಟ್‌ನ ತಡ್ಕೊಳ್ಳೋ ಶಕ್ತಿ ಕುಗ್ಗಿಸತ್ತೆ. ಅದಕ್ಕೇ ಒಂದೇ ಮಟ್ಟದ ಇನ್ಫೆಕ್ಷನ್‌ನಲ್ಲಿ ಒಬ್ರ ಲಿವರ್ ತಡ್ಕೊಳತ್ತೆ, ಇನ್ನೊಬ್ರದ್ದು ಕುಸಿಯತ್ತೆ.

ಸಾಯೋ ಹೆಪಟೋಸೈಟ್ ಸುಮ್ನೆ ಸಾಯಲ್ಲ ಅನ್ನೋದು ಇನ್ನೊಂದು ಸಂಕಟ. ಅದರ ಒಳಗಿಂದ ಎಚ್‌ಎಮ್‌ಜಿಬಿ1 ಅನ್ನೋ ಪ್ರೋಟೀನ್, ಮೈಟೋಕಾಂಡ್ರಿಯಾದ ಡಿಎನ್ಎ, ಎಲ್ಲಾ ಸೋರಿ ರಕ್ತಕ್ಕೆ ಬರತ್ತೆ. ಮೈಟೋಕಾಂಡ್ರಿಯಾ ಕೋಟ್ಯಂತರ ವರ್ಷದ ಹಿಂದೆ ಬ್ಯಾಕ್ಟೀರಿಯಾನೇ ಆಗಿದ್ದಿದ್ದು, ಹಂಗಾಗಿ ಅದರ ಡಿಎನ್ಎ ನೋಡಿದ ಇಮ್ಯೂನ್ ಸೆಲ್‌ಗೆ ಇನ್ನಷ್ಟು ಬ್ಯಾಕ್ಟೀರಿಯಾ ಬಂತು ಅಂತಾನೇ ಅನ್ಸತ್ತೆ. ಆಂಟಿಬಯೋಟಿಕ್ ಕೆಲಸ ಮಾಡಿ ಕ್ರಿಮಿ ಸತ್ತ ಮೇಲೂ ಉರಿ ಆರದೆ ಇರೋದಕ್ಕೆ ಇದು ಒಂದು ಕಾರಣ. ಎಚ್‌ಎಮ್‌ಜಿಬಿ1ಗೆ ಇನ್ನೊಂದು ಕೆಲಸಾನೂ ಇದೆ, ಎಲ್‌ಪಿಎಸ್‌ನ ಹೊತ್ಕೊಂಡು ಮ್ಯಾಕ್ರೋಫೇಜ್ ಮತ್ತೆ ಎಂಡೋಥೀಲಿಯಲ್ ಸೆಲ್‌ಗಳ ಒಳಗೇ ತಲುಪಿಸಿಬಿಡತ್ತೆ. ಅಲ್ಲಿ ಇಲಿಗಳಲ್ಲಿ ಕ್ಯಾಸ್ಪೇಸ್-11, ನಮ್ಮಲ್ಲಿ ಕ್ಯಾಸ್ಪೇಸ್-4 ಮತ್ತೆ 5, ಅದನ್ನ ಗುರುತಿಸಿ ಗ್ಯಾಸ್ಡರ್ಮಿನ್-ಡಿ ಅನ್ನೋ ಪ್ರೋಟೀನ್‌ನ ಕತ್ತರಿಸತ್ತೆ, ಕತ್ತರಿಸಿದ ತುಂಡು ಸೆಲ್ ಪೊರೆಯಲ್ಲಿ ತೂತು ಕೊರೆಯತ್ತೆ, ಸೆಲ್ ಒಡೆದು ಸಾಯತ್ತೆ. ಪೈರಾಪ್ಟೋಸಿಸ್ ಅಂತಾರೆ. ಆ ತೂತು ಬಿದ್ದಾಗ ರಕ್ತ ಹೆಪ್ಪುಗಟ್ಟಿಸೋ ಟಿಶ್ಯೂ ಫ್ಯಾಕ್ಟರ್ ಕೂಡ ಚುರುಕಾಗಿ ಹೊರಬರತ್ತೆ, ಗಲ್ಲಿಯ ಹೆಪ್ಪು ಇನ್ನೂ ಹೆಚ್ಚಾಗತ್ತೆ, ಮತ್ತೆ ಆಕ್ಸಿಜನ್ ಕಮ್ಮಿ, ಮತ್ತೆ ಹೆಪಟೋಸೈಟ್ ಸಾವು, ಹಿಂಗೇ ಸುತ್ತತ್ತೆ.

ಆದ್ರೆ ಕಣ್ಣು ಹಳದಿ ಆಗೋದು ಹೆಚ್ಚಾಗಿ ಸೆಲ್ ಸತ್ತು ಅಲ್ಲ, ಇದು ನನಗೆ ತುಂಬಾ ತಡವಾಗಿ ಗೊತ್ತಾಗಿದ್ದು. ಹೆಪಟೋಸೈಟ್ ರಕ್ತದಿಂದ ಪಿತ್ತದ ಸಾಮಾನನ್ನ ಎಳ್ಕೊಂಡು ಆ ಕಡೆ ಪಿತ್ತನಾಳಕ್ಕೆ ದಬ್ಬತ್ತೆ, ಅದಕ್ಕೆ ಪಂಪ್‌ಗಳಿವೆ. ಪಿತ್ತದ ಆಸಿಡ್‌ಗಳನ್ನ ಒಳಗೆ ಎಳೆಯೋಕೆ ಎನ್‌ಟಿಸಿಪಿ, ಹೊರಗೆ ದಬ್ಬೋಕೆ ಬಿಎಸ್‌ಇಪಿ, ಬಿಲಿರುಬಿನ್ ಅನ್ನೋ ಹಳದಿ ಬಣ್ಣದ ಕಸನ ದಬ್ಬೋಕೆ ಎಮ್‌ಆರ್‌ಪಿ2. ಕುಪ್ಫರ್ ಸೆಲ್‌ಗಳು ಬಿಟ್ಟ ಟಿಎನ್ಎಫ್, ಐಎಲ್-1 ಬೀಟಾ ತಗುಲಿದ ಹೆಪಟೋಸೈಟ್ ಈ ಪಂಪ್‌ಗಳ ತಯಾರಿಕೆ ಇಳಿಸಿಬಿಡತ್ತೆ, ಇರೋವನ್ನೂ ಪೊರೆಯಿಂದ ಒಳಗೆ ಎಳ್ಕೊಳತ್ತೆ. ಪೈಪ್‌ನಲ್ಲಿ ಕಲ್ಲಿಲ್ಲ, ಸೆಲ್ ಬದುಕಿದೆ, ಆದ್ರೆ ಪಂಪ್ ನಿಂತಿದೆ. ಬಿಲಿರುಬಿನ್ ರಕ್ತಕ್ಕೆ ವಾಪಸ್ ಹೋಗಿ ಕಣ್ಣಲ್ಲಿ ಕಾಣತ್ತೆ. ನಮ್ಮನೆಯವರ ರಿಪೋರ್ಟ್‌ನಲ್ಲಿ ಬಿಲಿರುಬಿನ್ ಮೇಲಕ್ಕೆ ಹೋಗಿದ್ರೂ ಎಎಲ್‌ಟಿ ಅಂಥಾ ಏನೂ ಏರಿರ್ಲಿಲ್ಲ, ಆಗ ಅದು ಒಗಟಾಗಿತ್ತು, ಈಗ ಅರ್ಥ ಆಗತ್ತೆ.

ಪಂಪ್ ನಿಲ್ಲಿಸಿ ಹೆಪಟೋಸೈಟ್ ಸುಮ್ನೆ ಕೂತಿರಲ್ಲ. ಐಎಲ್-6 ಸಿಗ್ನಲ್ ಬಂದ ತಕ್ಷಣ ಇಡೀ ಕಾರ್ಖಾನೆ ಯುದ್ಧದ ಸಾಮಾನು ಮಾಡೋಕೆ ತಿರುಗತ್ತೆ. ಸಿಆರ್‌ಪಿ, ಫೈಬ್ರಿನೋಜನ್, ಸೀರಮ್ ಅಮಿಲಾಯ್ಡ್ ಎ ಏರತ್ತೆ, ಹೆಪ್ಸಿಡಿನ್ ಜಾಸ್ತಿಯಾಗಿ ಬ್ಯಾಕ್ಟೀರಿಯಾಗೆ ಕಬ್ಬಿಣ ಸಿಗದ ಹಾಗೆ ಮಾಡತ್ತೆ, ಆಲ್ಬುಮಿನ್ ತಯಾರಿ ಇಳಿಯತ್ತೆ. ಔಷಧಿ ಕರಗಿಸೋ ಪಿ450 ಎಂಜೈಮ್‌ಗಳೂ ಕಮ್ಮಿ ಆಗತ್ತೆ, ಅದಕ್ಕೇ ಸೆಪ್ಸಿಸ್ ಇರೋರಲ್ಲಿ ಕೆಲವು ಔಷಧಿಗಳು ದೇಹದಲ್ಲಿ ಹೆಚ್ಚು ಹೊತ್ತು ಉಳೀತವೆ. ಇದನ್ನ ಲಿವರ್ ಫೇಲ್ ಆಯ್ತು ಅಂತ ಕರೀಬೇಕಾ, ಲಿವರ್ ಕೆಲಸ ಬದಲಾಯಿಸ್ತು ಅಂತ ಕರೀಬೇಕಾ? ನನಗೆ ಎರಡನೇದೇ ಹೆಚ್ಚು ಸರಿ ಅನ್ಸತ್ತೆ, ಅತಿಯಾದಾಗ ಮಾತ್ರ ಅದೇ ಮೊದಲನೇದಾಗತ್ತೆ.

ಲಿಂಫೋಸೈಟ್ ಅನ್ನೋ ಇನ್ನೊಂದು ತರದ ಬಿಳಿ ರಕ್ತಕಣಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಇಲಿಯ ಲಿವರ್‌ನಲ್ಲಿ ಎನ್‌ಕೆಟಿ ಅನ್ನೋ ಸೆಲ್‌ಗಳು ತುಂಬಾ, ಇಂಟರ್‌ಫೆರಾನ್-ಗಾಮಾ ಬಿಟ್ಟು ಮ್ಯಾಕ್ರೋಫೇಜ್‌ಗಳನ್ನ ಇನ್ನೂ ಕೆರಳಿಸತ್ತೆ. ಮನುಷ್ಯರ ಲಿವರ್‌ನಲ್ಲಿ ಎನ್‌ಕೆಟಿ ಕಮ್ಮಿ, ಮೇಟ್ ಅನ್ನೋ ಬೇರೆ ಟಿ ಸೆಲ್‌ಗಳು ಜಾಸ್ತಿ. ಇಲಿಯಲ್ಲಿ ಕಂಡಿದ್ದನ್ನ ಹಾಗೇ ನಮಗೆ ಹೊಂದಿಸೋ ಮುಂಚೆ ಇದನ್ನ ನೆನಪಿಟ್ಕೋಬೇಕು. ಇನ್ನು ದಿನ ಕಳೆದ ಹಾಗೆ ಲಿಂಫೋಸೈಟ್‌ಗಳು ರಾಶಿ ರಾಶಿ ಸಾಯತ್ತೆ, ಉಳಿದವು ಸುಸ್ತಾಗತ್ತೆ, ರಕ್ತದಲ್ಲಿ ಐಎಲ್-10 ಏರತ್ತೆ, ಆಗ ಆಸ್ಪತ್ರೆಯಲ್ಲೇ ಹೊಸ ಇನ್ಫೆಕ್ಷನ್ ಹಿಡಿಯೋ ಅಪಾಯ. ಉರಿ ಮತ್ತೆ ನಿತ್ರಾಣ ಎರಡೂ ಒಬ್ಬರಲ್ಲೇ ಒಂದೇ ವಾರದಲ್ಲಿ ಇರಬಹುದು.

ಈಗ ಇಲಿ ಕಥೆಯ ಇನ್ನರ್ಧ. ಎಲ್‌ಪಿಎಸ್‌ಗೆ ಜಗ್ಗದ ಆ ಸಿ3ಎಚ್/ಎಚ್‌ಇಜೆ ಇಲಿಗೆ ಬರೀ ಎಲ್‌ಪಿಎಸ್ ಬದಲು ಜೀವಂತ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೊಟ್ರೆ ಮಾಮೂಲಿ ಇಲಿಗಿಂತ ಬೇಗ ಸಾಯತ್ತೆ. ಬೆಲ್ ಕೆಟ್ಟಿದೆ, ಕಳ್ಳ ಒಳಗೆ ಬಂದ್ರೂ ಯಾರೂ ಏಳಲ್ಲ. ಬೇಲಿನೇ ಎದ್ದು ಹೊಲ ಮೇಯ್ತು ಅಂತ ಇಮ್ಯೂನ್ ಸೆಲ್‌ಗಳ ಬಗ್ಗೆ ಹೇಳೋರನ್ನ ಕೇಳಿದೀನಿ, ಆ ಗಾದೆ ಇಲ್ಲಿಗೆ ಪೂರ್ತಿ ಹೊಂದಲ್ಲ ಅಂತ ನಾನು ಹೇಳೋದು ಇದಕ್ಕೇ. ಈ ಬೇಲಿ ಕಿತ್ತರೆ ಹೊಲ ಅದಕ್ಕಿಂತ ಬೇಗ ಹೋಗತ್ತೆ.

ಔಷಧಿ ಹುಡುಕಿದೋರು ಇದೇ ಪಾಠನ ತುಂಬಾ ಬೆಲೆ ಕೊಟ್ಟು ಕಲಿತ್ರು. 1990ರ ದಶಕದಲ್ಲಿ ಟಿಎನ್ಎಫ್ ತಡೆಯೋ ಔಷಧಿಗಳನ್ನ ಸೆಪ್ಸಿಸ್ ರೋಗಿಗಳಲ್ಲಿ ಒಂದಾದ ಮೇಲೆ ಒಂದು ಟ್ರಯಲ್ ಮಾಡಿದ್ರು, ಆಶಿಸಿದ ಲಾಭ ಸಿಗಲಿಲ್ಲ, 1996ರಲ್ಲಿ ಪ್ರಕಟವಾದ ಒಂದು ಟ್ರಯಲ್‌ನಲ್ಲಂತೂ ಟಿಎನ್ಎಫ್ ರಿಸೆಪ್ಟರ್ ಬಳಸಿ ಮಾಡಿದ ಔಷಧಿ ಹೆಚ್ಚು ಡೋಸ್ ಕೊಟ್ಟ ಗುಂಪುಗಳಲ್ಲಿ ಸಾವು ಜಾಸ್ತಿ ಆಯ್ತು. ಎಲ್‌ಪಿಎಸ್ ಹೋಗಿ ಟಿಎಲ್‌ಆರ್4 ಬೆಲ್ ಒತ್ತದ ಹಾಗೆ ತಡೆಯೋ ಎರಿಟೊರಾನ್ ಅಂತ ಔಷಧಿ ಬಂತು, ದೊಡ್ಡ ಟ್ರಯಲ್‌ನ ಫಲಿತಾಂಶ 2013ರಲ್ಲಿ ಬಂದಾಗ ಸಾವು ಕಮ್ಮಿ ಆಗಿರ್ಲಿಲ್ಲ. ರೋಗಿ ಆಸ್ಪತ್ರೆಗೆ ಬರೋ ಹೊತ್ತಿಗೆ ಬೆಲ್ ಹೊಡೆದು ಎಷ್ಟೋ ಗಂಟೆ ಆಗಿರತ್ತೆ, ಅದೂ ಅಲ್ದೆ ಎಲ್ಲಾ ಸೆಪ್ಸಿಸ್ ರೋಗಿಗಳೂ ಒಂದೇ ತರ ಇರಲ್ಲ, ಒಬ್ರಲ್ಲಿ ಉರಿ ಜಾಸ್ತಿ ಇನ್ನೊಬ್ರಲ್ಲಿ ನಿತ್ರಾಣ ಜಾಸ್ತಿ, ಎಲ್ಲರಿಗೂ ಒಂದೇ ಬ್ರೇಕ್ ಹಾಕಿದ್ರೆ ಹೆಂಗೆ ಅಂತ ನನಗನ್ಸತ್ತೆ.

ಹಂಗಾಗಿ 2016ರಲ್ಲಿ ಬಂದ ಒಂದು ಮರು-ಲೆಕ್ಕಾಚಾರ ನನಗೆ ತುಂಬಾ ಮುಖ್ಯ ಅನ್ಸತ್ತೆ. ಐಎಲ್-1 ತಡೆಯೋ ಅನಾಕಿನ್ರಾದ ಹಳೇ ಟ್ರಯಲ್ ಒಟ್ಟಾರೆ ವಿಫಲ ಆಗಿತ್ತು. ಅದೇ ಡೇಟಾದಲ್ಲಿ ಲಿವರ್ ಕೆಟ್ಟು, ಜೊತೆಗೆ ದೇಹದ ತುಂಬಾ ರಕ್ತ ಹೆಪ್ಪುಗಟ್ಟೋ ಡಿಐಸಿನೂ ಇದ್ದೋರನ್ನ ಮಾತ್ರ ಬೇರೆ ಮಾಡಿ ನೋಡಿದಾಗ, 28ನೇ ದಿನಕ್ಕೆ ಅನಾಕಿನ್ರಾ ತಗೊಂಡೋರಲ್ಲಿ ಸುಮಾರು ಶೇಕಡಾ 65 ಜನ ಬದುಕಿದ್ರು, ಪ್ಲಸೀಬೋ, ಅಂದ್ರೆ ಔಷಧಿ ಇಲ್ಲದ ಡಮ್ಮಿ, ತಗೊಂಡೋರಲ್ಲಿ ಸುಮಾರು ಶೇಕಡಾ 35. ಆ ಗುಂಪು ಚಿಕ್ಕದು, ಆಮೇಲೆ ಹಿಂದಕ್ಕೆ ತಿರುಗಿ ಹುಡುಕಿದ್ದು, ಇದೊಂದನ್ನೇ ನಂಬಿ ಔಷಧಿ ಬರೆಯೋಕಾಗಲ್ಲ. ಆದ್ರೂ ಲಿವರ್ ಸೇರಿದ ಈ ಮಾದರಿನೇ ಮ್ಯಾಕ್ರೋಫೇಜ್‌ಗಳು ಹದ ತಪ್ಪಿರೋ ರೋಗಿಗಳನ್ನ ಗುರುತಿಸೋ ದಾರಿ ಆಗಬಹುದು ಅನ್ನೋ ಯೋಚನೆಗೆ ಇದು ಬಲ ಕೊಡ್ತು.

ಸದ್ಯಕ್ಕೆ ಲಿವರ್‌ಗೆ ಅಂತಾನೇ ಪ್ರತ್ಯೇಕ ಔಷಧಿ ಇಲ್ಲ. ಬೇಗ ಆಂಟಿಬಯೋಟಿಕ್, ಶಾಕ್ ಇದ್ರೆ ಒಂದು ಗಂಟೆ ಒಳಗೆ ಅಂತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳತ್ತೆ, ಕೀವು ಇದ್ರೆ ತೆಗೆಯೋದು, ಫ್ಲೂಯಿಡ್, ಬಿಪಿ ಏರಿಸೋ ನಾರ್‌ಎಪಿನೆಫ್ರಿನ್ ಕೊಟ್ಟು ಸರಾಸರಿ ಬಿಪಿನ 65ರ ಹತ್ರ ಹಿಡಿಯೋದು. ಇವೆಲ್ಲ ಲಿವರ್ ಚಿಕಿತ್ಸೆ ತರ ಕಾಣಲ್ಲ, ಆದ್ರೆ ಗಲ್ಲಿಗೆ ರಕ್ತ ಹರಿಸೋದೂ ಸೈರನ್ ಒತ್ತೋ ಕೈನ ತೆಗೆಯೋದೂ ಇವೇ. ಇನ್ನು ಸೆಪ್ಸಿಸ್ ಎಷ್ಟು ತೀವ್ರ ಅಂತ ಅಳೆಯೋಕೆ 2016ರ ವ್ಯಾಖ್ಯೆ ಬಳಸಿದ ಸೋಫಾ ಸ್ಕೋರ್‌ನಲ್ಲಿ ಲಿವರ್‌ಗೆ ನೋಡೋದು ಬಿಲಿರುಬಿನ್ ಒಂದನ್ನೇ, ಡೆಸಿಲೀಟರ್‌ಗೆ 1.2 ಮಿಲಿಗ್ರಾಂಗಿಂತ ಕಮ್ಮಿ ಇದ್ರೆ ಸೊನ್ನೆ ಅಂಕ, 12 ದಾಟಿದ್ರೆ 4 ಅಂಕ. ನನಗೆ ಇದು ಸಾಲಲ್ಲ ಅನ್ಸತ್ತೆ, ಯಾಕಂದ್ರೆ ಬಿಲಿರುಬಿನ್ ಏರೋ ಹೊತ್ತಿಗೆ ಗಲ್ಲಿಯಲ್ಲಿ ಇಷ್ಟೆಲ್ಲ ಆಗಿ ಹೋಗಿರತ್ತೆ.

ಗಲಾಟೆಯಲ್ಲಿ ಕುಪ್ಫರ್ ಸೆಲ್‌ಗಳೂ ತುಂಬಾ ಸಾಯತ್ತೆ. ಆ ಖಾಲಿ ಜಾಗಕ್ಕೆ ರಕ್ತದಿಂದ ಮಾನೋಸೈಟ್‌ಗಳು, ಅಂದ್ರೆ ಮ್ಯಾಕ್ರೋಫೇಜ್ ಆಗಬಲ್ಲ ಬಿಳಿ ರಕ್ತಕಣಗಳು, ಬಂದು ಕೂರತ್ತೆ, ಸುತ್ತ ಇರೋ ಎಂಡೋಥೀಲಿಯಲ್ ಸೆಲ್, ಸ್ಟೆಲೇಟ್ ಸೆಲ್, ಹೆಪಟೋಸೈಟ್ ಕೊಡೋ ಸಿಗ್ನಲ್‌ಗಳಿಂದ ಕೆಲವು ದಿನಗಳಲ್ಲಿ ಅವೂ ಕುಪ್ಫರ್ ಸೆಲ್‌ಗಳ ಗುಣ ಕಲೀತವೆ ಅಂತ ಇಲಿಗಳಲ್ಲಿ ಕಂಡಿದಾರೆ. ಪಂಪ್‌ಗಳು ಮತ್ತೆ ಪೊರೆಗೆ ಬರತ್ತೆ, ಪಿತ್ತ ಹರಿಯತ್ತೆ.

ನಮ್ಮನೆಯವರು ವಾರ್ಡ್‌ಗೆ ಬಂದು, ಜ್ವರ ಇಳಿದು, ಊಟ ಮಾಡೋಕೆ ಶುರು ಮಾಡಿದ ಮೇಲೂ ಕಣ್ಣು ಹಳದೀನೇ ಇತ್ತು, ಮತ್ತೆ ನಮಗೆ ಭಯ, ಒಳಗೆ ಇನ್ನೂ ಏನೋ ಕೆಡ್ತಿದೆಯಾ ಅಂತ. ಅದಕ್ಕೆ ಕಾರಣ ತುಂಬಾ ಸರಳ ಇತ್ತು. ಪಂಪ್ ನಿಂತಿದ್ದಾಗ ರಕ್ತದಲ್ಲಿ ಉಳಿದ ಬಿಲಿರುಬಿನ್‌ನ ಒಂದು ಪಾಲು ಆಲ್ಬುಮಿನ್‌ಗೆ ಬಿಡಿಸೋಕಾಗದ ಹಾಗೆ ಬೆಸೆದುಕೊಂಡಿರತ್ತೆ, ಡೆಲ್ಟಾ ಬಿಲಿರುಬಿನ್ ಅಂತಾರೆ, ಕಿಡ್ನಿ ಅದನ್ನ ಸೋಸಲ್ಲ, ಆಲ್ಬುಮಿನ್ ಹೋದಾಗಲೇ ಅದೂ ಹೋಗೋದು, ಆಲ್ಬುಮಿನ್ ಅರ್ಧ ಖಾಲಿ ಆಗೋಕೆ ಎರಡರಿಂದ ಮೂರು ವಾರ ಬೇಕು. ಲಿವರ್ ಆಗ್ಲೇ ಕೆಲಸಕ್ಕೆ ವಾಪಸ್ ಬಂದಿತ್ತು, ಹಳದಿ ಮಾತ್ರ ಹಿಂದೆ ಉಳಿದಿತ್ತು.